ಇಪ್ಪತ್ತಮೂರು ಮೀಟರ್ ತೊಂಬತ್ತಾರು

ಆ ಮೀನು ಹಿಡಿಯುವ ಹಡಗಿನಲ್ಲಿ ದುಡಿಯುವ ಹನ್ನೊಂದು ಗಂಡಸರ ಮನೆಗಳಲ್ಲಿ ಅವಳಿಗೆ ‘ಕಂಟ್ರೋಲ್ ರೂಮ್’ ಎಂದೇ ಹೆಸರು. ಗಂಡ ಯಾವಾಗ ಬರುತ್ತಾನೆಂದು ತಿಳಿಯಬೇಕಾದ ಹೆಂಗಸರು ಹಡಗಿನ ಯಜಮಾನರ ಆಫೀಸಿಗೆ ಫೋನ್ ಮಾಡುತ್ತಿರಲಿಲ್ಲ. ಅಲ್ಲಿ ಎತ್ತುವವರಿಲ್ಲ, ಎತ್ತಿದರೂ, ಬರ್ತಾನೆ ಬಿಡಮ್ಮ ಎಂದು ಇಟ್ಟುಬಿಡುತ್ತಾರೆ. ಹಾಗಾಗಿ ಫೋನು ಇವಳಿಗೆ ಬರುತ್ತಿತ್ತು. ಇವಳು ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಫೋನಿನಲ್ಲಿ ಹಡಗುಗಳ ನಕ್ಷೆ ತೆರೆಯುವಳು. ನೀಲಿಯ ಮೇಲೆ ಎರಚಿದಂತಿರುವ ನೂರಾರು ಬಾಣಗಳ ನಡುವೆ ಕಿತ್ತಳೆ ಬಣ್ಣದ ಒಂದನ್ನು ಬೆರಳಿನಿಂದ ಒತ್ತಿದರೆ ಸಾಕು, ಹಡಗು ತನ್ನ ಗುಟ್ಟನ್ನೆಲ್ಲ ಬಾಯಿಬಿಡುತ್ತದೆ: ವೇಗವೆಷ್ಟು, ಮೂತಿ ಯಾವ ಕಡೆಗಿದೆ, ನೀರಿನೊಳಗೆ ಎಷ್ಟು ಇಳಿದಿದೆ, ಬಿಟ್ಟ ಬಂದರು ಯಾವುದು, ಸೇರುವುದು ಯಾವುದು. “ನಾಳೆ ಮಧ್ಯಾಹ್ನ ಎರಡೂವರೆ ಅಂದ್ಕೊಳ್ಳಿ ಅಕ್ಕಾ. ಹೊಟ್ಟೆ ತುಂಬಿದೆ, ನಿಧಾನ ಬರ್ತಿದೆ,” ಎನ್ನುವಳು. ಮರುದಿನ ಎರಡೂಮುಕ್ಕಾಲಿಗೆ ಹಡಗು ಬಂದರಿನ ಬಾಯಿಯ ತಡೆಗೋಡೆ ದಾಟಿದರೆ, ತಪ್ಪಿದ್ದು ಹಡಗೇ ಹೊರತು ಕಂಟ್ರೋಲ್ ರೂಮ್ ಅಲ್ಲ ಎಂದು ಅಡುಗೆಯವನ ಹೆಂಡತಿ ಹಡಗು ನಿಲ್ಲುವ ದಕ್ಕೆಯ ಮೇಲೆ ನಿಂತು ಸಾರುತ್ತಿದ್ದಳು.

ಈ ವಿದ್ಯೆ ಅವಳಿಗೆ ಬಂದದ್ದು ಭಯದಿಂದ. ಮೊದಲಿನಿಂದಲೂ ಅವಳದು ಹೆದರುವ ಜೀವ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮೂರು ಮಹಡಿ ಹತ್ತಿ ವಾಪಸ್ ಬಂದು ನೋಡುವವಳು. ಏಳು ತಿಂಗಳ ಬಸುರಿಯನ್ನು ಬಿಟ್ಟು ಗಂಡ ನಲವತ್ತು ದಿನಕ್ಕೆಂದು ಹೊಸ ಹಡಗು ಹತ್ತಿದಾಗ ಅವಳಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಯೊಬ್ಬರು, ಕಾಗದ ಸಾಗಿಸುವ ಹಡಗಿನಲ್ಲಿದ್ದವರು, ಆ ನಕ್ಷೆ ತೋರಿಸಿಕೊಟ್ಟರು. ಅಂದು ಅವಳು ನಿದ್ದೆ ಮಾಡಿದಳು. ಮರುದಿನವೇ ನೂರಿಪ್ಪತ್ತು ಪುಟದ ಚೌಕಳಿ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ ಹಡಗಿನ ಫೋಟೋ ಅಂಟಿಸಿ, ಕೆಳಗೆ ನಕ್ಷೆಯಲ್ಲಿ ಕಂಡದ್ದನ್ನೆಲ್ಲ ಮುತ್ತು ಪೋಣಿಸಿದಂತೆ ಬರೆದಳು. ಉಕ್ಕಿನ ಮೈ. ಉದ್ದ ಇಪ್ಪತ್ತೇಳು ಮೀಟರ್, ಅಗಲ ಒಂಬತ್ತು. ಕಟ್ಟಿದ ವರ್ಷ, ಎಂಜಿನ್ನಿನ ಶಕ್ತಿ, ರೇಡಿಯೋದಲ್ಲಿ ಕರೆಯುವ ಅಕ್ಷರಗಳು. ಎರಡನೇ ಪುಟದಿಂದ ಬಿಟ್ಟ ದಿನ, ಬಿಟ್ಟ ಗಂಟೆ, ಹೊಕ್ಕ ಬಂದರು, ಹಗ್ಗ ಕಟ್ಟಿದ ಗಂಟೆ.

ಆ ಹಡಗಿಗೂ ಅವಳ ತವರಿಗೂ ಒಂದು ನಂಟಿತ್ತು. ಅದನ್ನು ಕಟ್ಟಲು ನಕ್ಷೆ ಬರೆದದ್ದು ಅವಳ ಅಣ್ಣ. ಹಡಗು ಕಟ್ಟುವ ಯಾರ್ಡಿನಲ್ಲಿ ಡ್ರಾಯಿಂಗ್ ವಿಭಾಗದವನು. ತನ್ನ ಭಾವನಿಗೆ ಅದರಲ್ಲಿ ಕೆಲಸ ಕೊಡಿಸಿದ್ದೂ ಅವನೇ. ಹಡಗು ನೀರಿಗಿಳಿದ ವಾರ ಅವನು ಇವರ ಮನೆಗೆ ಊಟಕ್ಕೆ ಬಂದಿದ್ದ. ತಟ್ಟೆಯ ಮೇಲೆ ಚಮಚದಿಂದ ಗೆರೆ ಎಳೆದೆಳೆದು ತೋರಿಸಿದ: ಹಿಡಿದ ಮೀನು ಗಾಳಿ ಕಾಣುವ ಮೊದಲೇ ಹೆಪ್ಪುಗಟ್ಟುವ ಕೋಣೆ, ಒಬ್ಬನೇ ಕೂತು ನಡೆಸಬಹುದಾದ, ಬಲೆ ಎಳೆಯುವ ವಿಂಚುಗಳು, ಮಲಗಲು ತಲಾ ಒಂದು ಹಾಸಿಗೆ, ಬಿಸಿನೀರು. “ಯಜಮಾನರು ಒಂದೇ ಮಾತು ಹೇಳಿದ್ರು ಭಾವ. ದೊಡ್ಡದಾಗಿರಬೇಕು, ಕಾಗದದಲ್ಲಿ ದೊಡ್ಡದಾಗಿ ಕಾಣಬಾರದು. ಹೊಟ್ಟೆ ಒಳಗೆ ಎಳ್ಕೊಂಡು ಫೋಟೋಕ್ಕೆ ನಿಲ್ತಾನಲ್ಲ ಮದುಮಗ, ಹಾಗೆ ನಿಲ್ಲಿಸಿದ್ದೀನಿ ಅದನ್ನ.” ಹಾಗೆಂದು ಎದ್ದು ನಿಂತು, ತನ್ನ ಹೊಟ್ಟೆಯನ್ನೇ ಒಳಗೆಳೆದು ಉಸಿರು ಬಿಗಿಹಿಡಿದು ತೋರಿಸಿದ. ಮೂವರೂ ನಕ್ಕರು. ಅವಳಂತೂ ತನ್ನ ಏಳು ತಿಂಗಳ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಸಾಕು ಅಣ್ಣಾ ಎನ್ನುವಷ್ಟು ನಕ್ಕಳು.

ಮಗು ಹುಟ್ಟಿತು, ಹೆಣ್ಣು. ಗಂಡ ಮೊದಲ ಸಲ ನೋಡಿದಾಗ ಅದಕ್ಕೆ ಇಪ್ಪತ್ತಾರು ದಿನ. ಪುಟ್ಟಿಗೆ ಒಂದು ವರ್ಷ ತುಂಬುವಷ್ಟರಲ್ಲಿ ಅವನು ಮೇಟ್ ಆದ; ಕ್ಯಾಪ್ಟನ್ ಮಲಗಿದಾಗ ಹಡಗು ನಡೆಸುವ ಎರಡನೆಯವನು. ಜೊತೆಯವರು ‘ಸಣ್ಣ ಕ್ಯಾಪ್ಟನ್’ ಎಂದು ಕರೆಯತೊಡಗಿದರು. ಆಗಲೇ ಅವರಿಬ್ಬರ ತಲೆಗೆ ಬಂದರಿನ ಲಾಂಚು ಹೊಕ್ಕಿದ್ದು.

ಲಾಂಚು ಎಂದರೆ ಹೊರಗೆ ನಿಂತ ದೊಡ್ಡ ಹಡಗುಗಳಿಗೆ ದಾರಿ ತೋರಿಸುವವರನ್ನು ಮುಟ್ಟಿಸಿ ಬರುವ ಸಣ್ಣ ಬೋಟು. ಅದರ ಕ್ಯಾಪ್ಟನ್ ಬೆಳಗ್ಗೆ ಏಳಕ್ಕೆ ಹೋಗಿ ಸಂಜೆ ಆರಕ್ಕೆ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ಮನೆಗೆ ಬರುತ್ತಾನೆ. ಆಗಿದ್ದ ಮುದುಕರು ಇನ್ನು ಐದು ವರ್ಷಕ್ಕೆ ನಿವೃತ್ತರಾಗುವವರು; ಪುಟ್ಟಿ ಒಂದನೇ ಕ್ಲಾಸಿಗೆ ಹೋಗುವ ವರ್ಷ. ಆ ಜಾಗಕ್ಕೆ ಕ್ಯಾಪ್ಟನ್ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿನ ಪರೀಕ್ಷೆಗೆ ಕೂರಬೇಕಾದರೆ ಇಪ್ಪತ್ತನಾಲ್ಕು ಮೀಟರಿಗೆ ಕಡಿಮೆಯಿಲ್ಲದ ಹಡಗಿನಲ್ಲಿ ಮೇಟ್ ಆಗಿ ಸಾವಿರದ ಎಂಬತ್ತು ದಿನ ಸಮುದ್ರದಲ್ಲಿ ಕಳೆದಿರಬೇಕು. ದಕ್ಕೆಯಲ್ಲಿ ನಿಂತ ದಿನ ಲೆಕ್ಕಕ್ಕಿಲ್ಲ. ತಡೆಗೋಡೆ ದಾಟಿದ ದಿನ ಮಾತ್ರ. ಅವರ ಹಡಗು ಇಪ್ಪತ್ತೇಳು. ಮೂರು ಮೀಟರ್ ಹೆಚ್ಚೇ ಇದೆ ಎಂದು ಅವಳು ನೋಟ್‌ಬುಕ್ಕಿನ ಮೊದಲ ಪುಟ ತೆರೆದು ತೋರಿಸಿದಳು. ಗಂಡ, ನಿನ್ನ ಪುಸ್ತಕ ಇದ್ದರೆ ನನಗೆ ತಲೆಯೇ ಬೇಡ ಎಂದ. ಭಯಕ್ಕೆ ಹುಟ್ಟಿದ ಪುಸ್ತಕ ಅಂದಿನಿಂದ ಆಸೆಯ ಪುಸ್ತಕವಾಯಿತು. ಪ್ರತಿ ಪುಟದ ಕೆಳಗೆ ಕೆಂಪು ಪೆನ್ನಿನಲ್ಲಿ ದಿನಗಳ ಮೊತ್ತ ಏರತೊಡಗಿತು.

ಆಸೆಗೆ ಅವಳು ತೆತ್ತದ್ದು ಒಂದೆರಡಲ್ಲ. ಗಂಡ ಬಂದಾಗಲೆಲ್ಲ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಪುಟ್ಟಿಯನ್ನು ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ. ಮಗು ಬೆಳೆಯುವುದನ್ನು ಅವನು ಕಂಡದ್ದು ಆ ಗೆರೆಗಳ ನಡುವಿನ ಖಾಲಿ ಜಾಗದಲ್ಲೇ. ಪುಟ್ಟಿಗೆ ಎರಡೂವರೆ ವರ್ಷವಾಗಿದ್ದಾಗ ಒಂದು ಬೆಳಗ್ಗೆ ಜ್ವರ ನೆತ್ತಿಗೇರಿ ಮಗು ಸೆಟೆದುಕೊಂಡಿತು. ಕಣ್ಣುಗಳು ಮೇಲೆ ಸಿಕ್ಕಿಕೊಂಡವು, ತುಟಿ ನೀಲಿಯಾಯಿತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆ ಮುಟ್ಟುವವರೆಗೆ ಅವಳು ಏನು ಮಾಡಿದಳೆಂಬುದು ಅವಳಿಗೇ ನೆನಪಿಲ್ಲ. ವಾರ್ಡಿನ ಕಬ್ಬಿಣದ ಮಂಚದ ಪಕ್ಕ ಕೂತು ಫೋನ್ ತೆರೆದರೆ, ಕಿತ್ತಳೆ ಬಾಣ ಪಕ್ಕದ ಬಂದರಿನಲ್ಲೇ ನಿಂತಿತ್ತು. ಬಸ್ಸಿನಲ್ಲಿ ಮೂರು ಗಂಟೆ ದಾರಿ. ಹರಿದ ಬಲೆ ಬದಲಾಯಿಸಲು ನಿಂತದ್ದು, ಸಂಜೆ ನಾಲ್ಕಕ್ಕೆ ಬಿಡುವುದಿತ್ತು. ಫೋನ್ ಮಾಡಿದರೆ ಗಂಡ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ಈಗಲೇ ಬಂದೆ ಎಂದ. ಅವನು ಇಳಿದುಬಿಟ್ಟರೆ ಬದಲಿ ಮೇಟ್ ಹತ್ತುತ್ತಾನೆ, ಆ ಸುತ್ತು ಅವನದಾಗುತ್ತದೆ. ಮೂವತ್ತೆಂಟು ದಿನ. ಅವಳ ತಲೆ ತಾನಾಗಿ ಕಳೆಯುವ ಲೆಕ್ಕ ಮಾಡಿತು.

“ಬರಬೇಡಿ,” ಎಂದಳು. “ಡಾಕ್ಟರು ಹೆದರೋದೇನಿಲ್ಲ ಅಂದ್ರು. ನೀವು ಹೊರಡಿ.”

ಡಾಕ್ಟರು ಹಾಗೆ ಅಂದಿರಲಿಲ್ಲ. ಡಾಕ್ಟರು ಇನ್ನೂ ಬಂದೇ ಇರಲಿಲ್ಲ. ನಾಲ್ಕು ಗಂಟೆ ಐದು ನಿಮಿಷಕ್ಕೆ ಬಾಣ ಅಲುಗಿತು. ಕೈಯಲ್ಲಿ ಪುಸ್ತಕವಿಲ್ಲದ್ದರಿಂದ ಔಷಧಿ ಚೀಟಿಯ ಬೆನ್ನಿನ ಮೇಲೆ ಗಂಟೆ ಬರೆದುಕೊಂಡಳು. ಮೂರು ದಿನ ಮಗುವಿನ ಎದೆ ಏರಿಳಿಯುವುದನ್ನು ಎಣಿಸುತ್ತ ಒಬ್ಬಳೇ ಕೂತಿದ್ದಳು. ಪುಟ್ಟಿ ಉಳಿದಳು.

ಕೆಂಪು ಪೆನ್ನಿನ ಮೊತ್ತ ಸಾವಿರದ ನೂರಹನ್ನೆರಡು ತೋರಿಸಿದ ತಿಂಗಳಿನಲ್ಲೇ ಲಾಂಚಿನ ಮುದುಕರ ಜಾಗಕ್ಕೆ ಅರ್ಜಿ ಕರೆದರು. ಪರೀಕ್ಷೆಗೆ ಕಾಗದ ಸಲ್ಲಿಸಲು ಹತ್ತು ದಿನ ಉಳಿದಿತ್ತು. ಗಂಡ ಇನ್ನೂ ನೀರಿನ ಮೇಲೆ. ಅವಳೇ ಅರ್ಧ ದಿನ ರಜೆ ಹಾಕಿ, ಯಜಮಾನರ ಆಫೀಸಿನಿಂದ ಹಡಗಿನ ನೋಂದಣಿ ಪತ್ರದ ಪ್ರತಿ ಇಸಿದುಕೊಂಡು ಪರೀಕ್ಷೆಯ ಕಚೇರಿಗೆ ಹೊರಟಳು. ಬಸ್ಸಿನಲ್ಲಿ ಕೂತು ಪತ್ರವನ್ನು ಪುಸ್ತಕದ ಜೊತೆ ತಾಳೆ ನೋಡಿದಳು: ಹೆಸರು ಸರಿ, ಕರೆಯುವ ಅಕ್ಷರ ಸರಿ, ಎಂಜಿನ್ನಿನ ಶಕ್ತಿ ಸರಿ. ಉದ್ದ ನೋಡಲಿಲ್ಲ. ಬಾಯಿಪಾಠ ಬರುವುದನ್ನು ಯಾರು ಓದುತ್ತಾರೆ?

ಕೌಂಟರಿನ ಆಚೆಗಿದ್ದ ಗುಮಾಸ್ತೆ ನಡುವಯಸ್ಸಿನ ಹೆಂಗಸು. ಮಾತು ಮೆತ್ತಗೆ. ಕನ್ನಡಕದ ಎಡಗಾಜು ಒಂದಿಷ್ಟು ಹೊರಕ್ಕೆ ಕೂತಿತ್ತು; ಇವರಿಗೆ ಸಂಜೆಯಾದರೆ ತಲೆ ನೋಯುತ್ತಿರಬೇಕು, ಕೆಲಸವಾದ ಮೇಲೆ ಅಂಗಡಿಗೆ ಬನ್ನಿ ಎನ್ನಬೇಕು ಎಂದುಕೊಂಡಳು. ಗುಮಾಸ್ತೆ ನೋಟ್‌ಬುಕ್ ತಿರುವಿದಳು, ಎರಡು ತಾರೀಕುಗಳನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿದಳು, ಎರಡೂ ನಿಮಿಷದ ಮಟ್ಟಿಗೆ ಸರಿಯಿದ್ದವು. ಪಕ್ಕದವರನ್ನು ಕರೆದು ತೋರಿಸಿದಳು. ಆಮೇಲೆ ನೋಂದಣಿ ಪತ್ರ ಎತ್ತಿಕೊಂಡಳು. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಅಮ್ಮಾ, ಈ ಹಡಗು ಇಪ್ಪತ್ತನಾಲ್ಕು ಮೀಟರ್ ಇಲ್ಲ.”

“ಇಪ್ಪತ್ತೇಳಿದೆ ಮೇಡಂ.”

“ಅದು ತುದಿಯಿಂದ ತುದಿಗೆ. ಫೋನಿನ ನಕ್ಷೇಲಿ ಅದನ್ನೇ ತೋರಿಸ್ತಾರೆ. ನಮಗೆ ಲೆಕ್ಕಕ್ಕೆ ಬರೋದು ನೋಂದಣಿ ಉದ್ದ, ಮೂತಿಯಿಂದ ಚುಕ್ಕಾಣಿ ದಂಡದ ತನಕ. ಇದರಲ್ಲಿ ಚುಕ್ಕಾಣೀನ ಮುಂದಕ್ಕೆ ತಂದು ಕೂರಿಸಿದ್ದಾರೆ, ಹಿಂದೆ ಮೂರು ಮೀಟರ್ ಸುಮ್ನೆ ಚಾಚ್ಕೊಂಡಿದೆ.” ಪತ್ರವನ್ನು ತಿರುಗಿಸಿ ಅವಳ ಮುಂದಿಟ್ಟಳು. “ನೋಡಿ. ಇಪ್ಪತ್ತಮೂರು ಮೀಟರ್ ತೊಂಬತ್ತಾರು.”

ಇಪ್ಪತ್ತನಾಲ್ಕು ದಾಟಿದರೆ ಯಜಮಾನನಿಗೆ ವರ್ಷವರ್ಷ ತಪಾಸಣೆ, ಇನ್ನೊಬ್ಬ ಎಂಜಿನಿಯರು, ಇನ್ನೊಂದು ಜೀವರಕ್ಷಕ ದೋಣಿ, ಹತ್ತೆಂಟು ತಲೆನೋವು. ಅದಕ್ಕೇ ಈಗಿನ ಹಡಗುಗಳೆಲ್ಲ ಹೀಗೆ ಗೆರೆಯ ಈಚೆಗೇ ನಿಲ್ಲುತ್ತವೆ ಎಂದು ಗುಮಾಸ್ತೆ ವಿವರಿಸಿದಳು. ಈ ತಿಂಗಳಲ್ಲಿ ಹೀಗೆ ವಾಪಸ್ಸಾದವರಲ್ಲಿ ಇವಳು ಮೂರನೆಯವಳಂತೆ. ಅವಳಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅವಳ ಕಣ್ಣ ಮುಂದೆ ಅಣ್ಣ ಎದ್ದು ನಿಂತು ಹೊಟ್ಟೆ ಒಳಗೆಳೆದುಕೊಂಡಿದ್ದ.

ದಿನಗಳಾದರೂ ಎಣಿಕೆಗೆ ಬರುತ್ತವೆಯೇ ಎಂದು ಕೇಳಿದಳು. ಅರ್ಧವಾದರೂ. ಕಾಲುಭಾಗವಾದರೂ. ಒಂದೂ ಇಲ್ಲ.

“ನಿಮ್ಮ ಪುಸ್ತಕದಲ್ಲಿ ಒಂದು ತಪ್ಪೂ ಇಲ್ಲಮ್ಮ,” ಎಂದಳು ಗುಮಾಸ್ತೆ, ಕಾಗದಗಳನ್ನು ಜೋಡಿಸಿ ಹಿಂದಿರುಗಿಸುತ್ತ. “ಇಷ್ಟು ನೀಟಾಗಿ ಬರ್ಕೊಂಡು ಬಂದೋರನ್ನ ನಾನು ನೋಡೇ ಇಲ್ಲ.”

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಂಗಡಿಯಲ್ಲಿ ಎರಡು ಕಣ್ಣಿನ ಗೊಂಬೆಗಳ ನಡುವಿನ ದೂರವನ್ನು ಅರ್ಧ ಮಿಲಿಮೀಟರಿನ ಮಟ್ಟಿಗೆ ಹಿಡಿಯುವವಳು ಅವಳು. ಅವಳ ಕೈಯಲ್ಲಿ ಗಾಜು ಒಂದು ಕೂದಲೆಳೆ ಆಚೀಚೆ ಆದದ್ದಿಲ್ಲ. ಅಂಥವಳು ಆರು ವರ್ಷ ಮೂರು ಮೀಟರ್ ಗಾಳಿಯನ್ನು ಹಡಗೆಂದು ಬರೆದುಕೊಂಡು ಕೂತಿದ್ದಳು. ಗುಮಾಸ್ತೆಗೆ ಕನ್ನಡಕದ ವಿಷಯ ಹೇಳಲಿಲ್ಲ. ನೋಯಲಿ ತಲೆ ಎನ್ನಿಸಿತು. ಮೆಟ್ಟಿಲಿಳಿಯುವಾಗ ಆ ಯೋಚನೆಗೆ ತಾನೇ ನಾಚಿದಳು, ಆದರೆ ವಾಪಸ್ ಹೋಗಿ ಹೇಳಲಿಲ್ಲ.

ನೀರಿನ ಮೇಲಿರುವವರಿಗೆ ಕೆಟ್ಟ ಸುದ್ದಿ ಹೇಳಬಾರದೆಂಬುದು ಆ ಹೆಂಗಸರೆಲ್ಲ ನಡೆಸಿಕೊಂಡು ಬಂದ ಕಟ್ಟಳೆ. ವಿಂಚಿನ ಪಕ್ಕ ನಿಂತವನ ಮನಸ್ಸು ಮನೆಯಲ್ಲಿದ್ದರೆ ಕೈ ಹೋಗುತ್ತದೆ. ಹಡಗು ನಾಲ್ಕು ದಿನ ದೂರವಿತ್ತು. ನಾಲ್ಕು ದಿನವೂ ಅವಳು ಗಂಡನ ಫೋನಿಗೆ, ಕಾಗದ ಕೊಟ್ಟೆ, ನೋಡ್ತಾರಂತೆ ಎಂದು ಉತ್ತರಿಸಿದಳು. ಅಡುಗೆಯವನ ಹೆಂಡತಿ, ಸಣ್ಣ ಕ್ಯಾಪ್ಟನ್ನು ದೊಡ್ಡ ಕ್ಯಾಪ್ಟನ್ ಆದಮೇಲೆ ನಮ್ಮ ಬೀದಿಗೆ ಬರುವುದುಂಟೋ ಇಲ್ಲವೋ ಎಂದು ಹಂಗಿಸಿದಳು. ಅದಕ್ಕೂ ನಕ್ಕಳು. ನಕ್ಷೆ ತೆರೆದರೆ ಕಿತ್ತಳೆ ಬಾಣ ಎಂದಿನಂತೆ ಮನೆಯ ಕಡೆಗೆ ಮುಖ ಮಾಡಿ ಬರುತ್ತಿತ್ತು. ಒತ್ತಿದರೆ ಈಗಲೂ ಇಪ್ಪತ್ತೇಳು ಎಂದೇ ಹೇಳುತ್ತಿತ್ತು.

ಗಂಡ ಬಂದವನು ಚೀಲ ಇಳಿಸಿ, ಪುಟ್ಟಿಯನ್ನು ಹೆಗಲಿಗೇರಿಸಿಕೊಂಡು, ಹೆಂಡತಿಯ ಮುಖ ನೋಡಿದ.

“ಎಷ್ಟು ದಿನ ಕಡಿಮೆ ಬಿತ್ತು ಕಣೇ?”

“ದಿನ ಅಲ್ಲ ರೀ. ನಾಲ್ಕು ಸೆಂಟಿಮೀಟರ್.”

ತಮಾಷೆ ಎಂದುಕೊಂಡು ಅವನು ನಕ್ಕ. ಅವಳು ಪತ್ರ ಕೈಗಿತ್ತಳು. ಓದಿದ, ಮತ್ತೆ ಓದಿದ. ಮಗುವನ್ನು ಕೆಳಗಿಳಿಸಿದ. ಆ ಪತ್ರ ಹಡಗು ನಡೆಸುವ ಕೋಣೆಯಲ್ಲೂ ಇದೆ, ಗಾಜು ಹಾಕಿ ಗೋಡೆಗೆ ತಗುಲಿಸಿದ್ದಾರೆ ಎಂದು ಕೊನೆಗೆ ತಾನಾಗಿ ಹೇಳಿದ. “ಆರು ವರ್ಷದಿಂದ ನನ್ನ ರೇನ್‌ಕೋಟು ಅದರ ಮೊಳೆಗೇ ನೇತು ಹಾಕ್ತಿದ್ದೀನಿ.”

ಭಾನುವಾರ ಅಣ್ಣ ಓಡಿ ಬಂದ. ಹಡಗು ಕಟ್ಟಿದ ನಕ್ಷೆಯ ಸುರುಳಿ ಸಮೇತ ಬಂದಿದ್ದ. ಅದನ್ನು ಬಿಡಿಸಲು ಧೈರ್ಯವಾಗದೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಹೇಳಿದ ಕೆಲಸ ಮಾಡುವವನು ತಾನು, ಯಜಮಾನರು ಕೇಳಿದ್ದನ್ನು ಬರೆದುಕೊಟ್ಟವನು, ಯಾರ ಸರ್ಟಿಫಿಕೇಟಿಗೆ ಏನು ಬೇಕೆಂದು ತನಗೇನು ಗೊತ್ತು ಎಂದು ಕೇಳದಿದ್ದರೂ ಹೇಳಿಕೊಂಡ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ.

“ಚುಕ್ಕಾಣಿ ದಂಡಾನ ಐದು ಸೆಂಟಿಮೀಟರ್ ಹಿಂದಕ್ಕೆ ಕೂರಿಸೋದು ನನಗೇನು ದೊಡ್ಡ ವಿಷಯ ಆಗಿರ್ಲಿಲ್ಲ. ಅಲ್ಲಮ್ಮ, ನನ್ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ? ಆಗಲೇ ಹೇಳ್ತಿದ್ದೆ.”

“ನೀನು ಹೇಳಿದ್ದೆ ಅಣ್ಣಾ,” ಎಂದಳು ಅವಳು. “ಇದೇ ಜಾಗದಲ್ಲಿ ನಿಂತು ಹೇಳಿದ್ದೆ. ನಾವು ನಕ್ಕಿದ್ವಿ.”

ತಟ್ಟೆಯಲ್ಲಿಟ್ಟದ್ದನ್ನು ಅಣ್ಣ ಪೂರ್ತಿ ತಿನ್ನದೆ ಎದ್ದ. ಹೋಗುವಾಗ ಸುರುಳಿಯನ್ನು ಬಾಗಿಲ ಮೂಲೆಯಲ್ಲೇ ಮರೆತು ಹೋದ. ವಾಪಸ್ ಕೇಳಲೂ ಇಲ್ಲ, ಇವಳು ಕೊಡಲೂ ಇಲ್ಲ.

ಎರಡು ವಾರಕ್ಕೆ ಗಂಡ ಬೇರೆ ಹಡಗು ಗೊತ್ತು ಮಾಡಿಕೊಂಡ. ದೂರದ ನೀರಿಗೆ ಹೋಗುವಂಥದ್ದು. ಒಮ್ಮೆ ಬಿಟ್ಟರೆ ಐದು ತಿಂಗಳು. ನೋಂದಣಿ ಉದ್ದ ಮೂವತ್ತೆಂಟು. ಲಾಂಚು ಕೈತಪ್ಪಿತು, ಹೋಗಲಿ, ಸರ್ಟಿಫಿಕೇಟು ಒಂದು ಕೈಲಿದ್ದರೆ ದಡದ ಮೇಲೆ ಇನ್ನೇನಾದರೂ ಸಿಗುತ್ತದೆ ಎಂಬುದು ಅವನ ವಾದ. ಮತ್ತೆ ಒಂದರಿಂದ ಎಣಿಸಬೇಕಲ್ಲ ಎಂದು ಅವಳು ಅತ್ತಳು, ಕೂಗಾಡಿದಳು, ಎರಡು ದಿನ ಮಾತು ಬಿಟ್ಟಳು. ದಡ ಸೇರುವುದಕ್ಕೆ ಇನ್ನೂ ದೂರ ಹೋಗಬೇಕಾದ ಈ ಲೆಕ್ಕ ಯಾವ ಪುಣ್ಯಾತ್ಮನದು ಎಂದಳು. ಮೂರನೇ ದಿನ ಅವಳೇ ಅವನ ಚೀಲಕ್ಕೆ ಉಣ್ಣೆಯ ಕಾಲುಚೀಲ ತುಂಬಿದಳು. ಆದರೆ ಹೊಸ ಹಡಗಿನ ನೋಂದಣಿ ಪತ್ರದ ಪ್ರತಿ ಕೈಗೆ ಬರುವವರೆಗೆ ಅವನನ್ನು ಹೊಸಿಲು ದಾಟಲು ಬಿಡಲಿಲ್ಲ. ಬಂದ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಒಂದು ಸಾಲನ್ನು ಮೂರು ಸಲ ಓದಿ, ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನಷ್ಟೇ ಬರೆದಳು. ಫೋಟೋ ಅಂಟಿಸಲಿಲ್ಲ.

ಲಾಂಚಿನ ಹೊಸ ಕ್ಯಾಪ್ಟನ್ ಒಂದು ಮಧ್ಯಾಹ್ನ ಅಂಗಡಿಗೇ ಬಂದ. ಮೂವತ್ತೆರಡರ ಪ್ರಾಯ, ಇನ್ನು ಇಪ್ಪತ್ತೆಂಟು ವರ್ಷ ಆ ಜಾಗ ಬಿಡುವವನಲ್ಲ. ದೂರದ ದೃಷ್ಟಿಗೆ ಕನ್ನಡಕ ಬೇಕೆಂದು ಬಂದರಿನವರು ಹೇಳಿದ್ದರಂತೆ. ಅವಳು ಅವನೆದುರು ಕೂತು, ಮೂಗಿನ ಮೇಲೆ ಅಳತೆಪಟ್ಟಿ ಇಟ್ಟು, ನನ್ನ ಬಲಗಣ್ಣು ನೋಡಿ, ಈಗ ಎಡಗಣ್ಣು ಎಂದಳು. ಅರವತ್ತಮೂರೂವರೆ ಮಿಲಿಮೀಟರ್. ಅವನು ಮಾತುಗಾರ. ಸಂಜೆ ಆರಾಯಿತೆಂದರೆ ಮನೆಯಲ್ಲೇ ಬಿದ್ದಿರುತ್ತೀರಿ, ಕಾಲಿಗೆ ತೊಡರುತ್ತೀರಿ ಎಂದು ಹೆಂಡತಿ ಗೊಣಗುತ್ತಾಳೆಂದು ಹೇಳಿ ನಕ್ಕ. ಒಳಕೋಣೆಗೆ ಬಂದು ಗಾಜನ್ನು ಯಂತ್ರಕ್ಕೆ ಹಿಡಿದಾಗ ಅವಳ ಕೈ ಒಂದು ಕ್ಷಣ ನಿಂತಿತು. ನಾಲ್ಕು ಮಿಲಿಮೀಟರ್ ಆಚೀಚೆ ಉಜ್ಜಿದರೆ ಸಾಕು, ಅವನಿಗೆ ತಡೆಗೋಡೆಯೇ ಎರಡೆರಡಾಗಿ ಕಾಣುತ್ತಿತ್ತು. ಅರವತ್ತಮೂರೂವರೆಗೇ ಉಜ್ಜಿದಳು. ಅವನು ಹಾಕಿಕೊಂಡು, ಬೀದಿಯ ಆಚೆ ತುದಿಯ ಬೋರ್ಡು ಓದಿ, ಕೈ ಅಂದರೆ ಕೈ ಎಂದು ಹೊಗಳಿ ಹೋದ.

ಹೊಸ ಹಡಗಿನ ಬಾಣ ಒಂಬತ್ತನೇ ದಿನ ನಕ್ಷೆಯಿಂದ ಮಾಯವಾಯಿತು. ದಡದ ಆಂಟೆನಾಗಳಿಗೆ ಎಟುಕದಷ್ಟು ದೂರ ಹೋದರೆ ಹಾಗೇ. ಕೊನೆಗೆ ಕಂಡ ಜಾಗ ಮಾತ್ರ ಬೂದು ಬಣ್ಣದಲ್ಲಿ ನಿಲ್ಲುತ್ತದೆ. ಹೆಂಗಸರ ಫೋನುಗಳೂ ನಿಂತವು. ಅವರ ಗಂಡಂದಿರು ಹಳೆಯ ಹಡಗಿನಲ್ಲೇ ಉಳಿದವರು, ಇವಳಿಗೆ ಈಗ ಅದು ಬೇರೆ ಹಡಗು. ಬೂದು ಗುರುತನ್ನು ಒತ್ತಿ ಒತ್ತಿ ನೋಡುವುದಷ್ಟೇ ಅವಳಿಗೆ ಉಳಿಯಿತು.

ಒಂದು ಸಂಜೆ ಪುಟ್ಟಿ ಶಾಲೆಯಿಂದ ಒಂದು ಕಾರ್ಡು ತಂದಳು. ಅದರಲ್ಲಿ ಎತ್ತರ ತುಂಬಿಸಬೇಕಿತ್ತು. ತಾನಾಗಿ ಹೋಗಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಹಿಮ್ಮಡಿ ಜೋಡಿಸಿ, ನೆತ್ತಿಯ ಮೇಲಿನ ಜುಟ್ಟನ್ನು ನೆಟ್ಟಗೆ ಮಾಡಿಕೊಂಡು ನಿಂತಳು. ತಾಯಿ ಪೆನ್ಸಿಲ್ ತಂದು, ಜುಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ, ಕೂದಲನ್ನು ಅಂಗೈಯಿಂದ ನೆತ್ತಿಗೆ ಒತ್ತಿ ಹಿಡಿದಳು.

“ಅಪ್ಪ ಜುಟ್ಟು ಸೇರಿಸಿ ಹಾಕ್ತಾರೆ,” ಎಂದಳು ಪುಟ್ಟಿ.

“ಸುಮ್ನೆ ನಿಲ್ಲು.”

ಗೆರೆ ಎಳೆದು ಮಗುವನ್ನು ಪಕ್ಕಕ್ಕೆ ಸರಿಸಿದಳು. ಹೊಸ ಗೆರೆ, ಗಂಡ ಹೊರಡುವ ಮುಂಚೆ ಎಳೆದ ಗೆರೆಗಿಂತ ಎರಡು ಬೆರಳು ಕೆಳಗೆ ಬಿದ್ದಿತ್ತು. ಪುಟ್ಟಿ ಎರಡನ್ನೂ ನೋಡಿದಳು.

“ನಾನು ಗಿಡ್ಡ ಆಗ್ಬಿಟ್ನಾ ಅಮ್ಮಾ?”

ತಾಯಿ ಕಾರ್ಡನ್ನು ಗೋಡೆಗೆ ಒತ್ತಿ ಹಿಡಿದು, ಟೇಪಿನಲ್ಲಿ ಕೆಳಗಿನ ಗೆರೆಯನ್ನು ಅಳೆದು, ಮಿಲಿಮೀಟರ್ ಸಮೇತ ಬರೆದಳು. ಆಮೇಲೆ ಮೇಲಿನ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದಳು. ಪೆನ್ಸಿಲಿನದಾದರೂ ಗಂಡ ಒತ್ತಿ ಎಳೆದಿದ್ದ, ಸುಲಭಕ್ಕೆ ಹೋಗಲಿಲ್ಲ.